ಬೆಲೆ ಬಿಡಿ, ಬಾಟಲಿ ಎಲ್ಲಿ ಇಡ್ತೀರಿ ಅದನ್ನು ಮೊದಲು ಹೇಳಿ

ಲಂಡನ್‌ನಲ್ಲಿರುವ ನಿಮ್ಮ ತಮ್ಮ ಮೇ ತಿಂಗಳಲ್ಲಿ ಬೆಳಗಾವಿಗೆ ಬರ್ತಿದ್ದಾನೆ. ಅಲ್ಲಿನ ಸೂಪರ್‌ಮಾರ್ಕೆಟಿನ 6 ಪೌಂಡಿನ ವೈನ್ ತರೋದಾ, 40 ಪೌಂಡಿನದ್ದು ತರೋದಾ, ರುಚಿಯಲ್ಲಿ ಅಷ್ಟು ಫರಕು ಇರುತ್ತಾ ಅಂತ ಕೇಳಿದ್ದೀರಿ. ಕೊನೆಗೆ ಒಂದು ಸಾಲು ಬರೆದಿದ್ದೀರಿ: "ಯಾವುದೇ ತಂದರೂ ಕಪಾಟಿನ ಮೇಲೆ ಇಟ್ಟು, ದೀಪಾವಳಿಗೆ ಅಪ್ಪನ ಅರವತ್ತು ಮಾಡುವಾಗ ತೆಗೀತೀವಿ." ಆ ಸಾಲು ಓದಿದ ಮೇಲೆ ಉತ್ತರ ಬರೆಯದೆ ಇರಲು ಆಗಲಿಲ್ಲ.

ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಕಡೆಯ ದ್ರಾಕ್ಷಿ ಮನೆತನ. ನಮ್ಮ ಕಡೆ ಹೆಚ್ಚಿನವರು ಬೆಳೆಯೋದು ಥಾಮ್ಸನ್ ಸೀಡ್‌ಲೆಸ್ ಅನ್ನುವ ಬೀಜ ಇಲ್ಲದ ದ್ರಾಕ್ಷಿ. ಅದನ್ನು ಶೆಡ್ಡಿನಲ್ಲಿ ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡಿ ಮಾರುತ್ತಾರೆ. 2007ರಲ್ಲಿ ಸರ್ಕಾರ ವೈನ್ ನೀತಿ ತಂದ ಮೇಲೆ ವೈನ್ ದ್ರಾಕ್ಷಿಯ ಮಾತು ಜೋರಾಯಿತು. ನಮ್ಮ ಕಾಕಾ ಧೈರ್ಯ ಮಾಡಿ ಒಂದು ಎಕರೆ ಕ್ಯಾಬರ್ನೆ ಸೊವಿನ್ಯೋನ್ ಅನ್ನುವ ವೈನ್ ದ್ರಾಕ್ಷಿ ಹಾಕಿದರು. ಊರವರು ಬಂದು ನೋಡಿ ಹೋಗುತ್ತಿದ್ದರು. ಸಣ್ಣ ಕಾಯಿ, ದಪ್ಪ ಸಿಪ್ಪೆ, ಒಳಗೆ ಬೀಜ. ತಿನ್ನಲಿಕ್ಕೂ ಆಗಲ್ಲ, ಮಣೂಕಕ್ಕೂ ಬರಲ್ಲ. ವೈನರಿಯವರು ಒಯ್ಯದಿದ್ದರೆ ಆ ಬೆಳೆಯನ್ನು ಕೇಳುವವರೇ ಇಲ್ಲ. ಕಾಕಾನ ಕೈಯಲ್ಲಿ ಬಳ್ಳಿ ಚೆನ್ನಾಗಿ ಬಂತು. ಆದರೆ ತನ್ನ ದ್ರಾಕ್ಷಿ ಕೊನೆಗೆ ಏನಾಗುತ್ತದೆ ಅಂತ ಆತ ಒಂದು ಸಲವೂ ಬಾಯಲ್ಲಿ ಹಾಕಿ ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಕುಡಿಯುವವರಲ್ಲ.

2014ರ ಫೆಬ್ರವರಿ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೆ. ಕಾಕಾ ಫೋನಿನಲ್ಲಿ, "ಈ ದ್ರಾಕ್ಷಿದು ಭಾಳ ಚಲೋ ವೈನ್ ಹೆಂಗ ಇರತೈತಿ, ಒಮ್ಮಿ ತೋರ್ಸೋ ತಮ್ಮಾ" ಅಂದರು. ನಾನು 6,800 ರೂಪಾಯಿ ಕೊಟ್ಟು ಫ್ರಾನ್ಸಿನ ಬೋರ್ಡೋ ಪ್ರದೇಶದ ಒಂದು ಬಾಟಲಿ ತಗೊಂಡೆ. ಅದೇ ಕ್ಯಾಬರ್ನೆ ಜಾತಿ ಜಾಸ್ತಿ ಇರುವ ವೈನ್. ಆಗ ನನ್ನ ಸಂಬಳಕ್ಕೆ ಅದು ದೊಡ್ಡ ಮೊತ್ತ. ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಊರಿಗೆ ತಂದೆ. ಅಲ್ಲಿಯವರೆಗೆ ಎಲ್ಲಾ ಸರಿ ಇತ್ತು.

ಊರಲ್ಲಿ ದ್ರಾಕ್ಷಿ ಕೊಯ್ಲು ನಡೆದಿತ್ತು. ಯಾರಿಗೂ ಕೂತು ಮಾತಾಡಲು ಪುರುಸೊತ್ತಿಲ್ಲ. ಕಾರ ಹುಣ್ಣಿಮೆ ಮುಗಿದ ಮೇಲೆ ನೋಡೋಣ ಅಂದರು ಕಾಕಾ. ನಾನು ಬಾಟಲಿಯನ್ನು ಅದರ ಕಟ್ಟಿಗೆ ಪೆಟ್ಟಿಗೆಯಲ್ಲೇ, ಮಾಳಿಗೆ ಮೇಲಿನ ಕೋಣೆಯಲ್ಲಿ, ಕಪಾಟಿನ ಮೇಲೆ, ನೆಟ್ಟಗೆ ನಿಲ್ಲಿಸಿ ಬೆಂಗಳೂರಿಗೆ ವಾಪಸ್ ಹೋದೆ.

ತಪ್ಪು ಇದೇ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕಂದರೆ ನೀವು ಮಾಡಲು ಹೊರಟಿರುವುದೂ ಇದನ್ನೇ. ಆ ಕೋಣೆಯ ಮೇಲೆ ಬರೀ ಸ್ಲ್ಯಾಬು, ಅದರ ಮೇಲೆ ನೇರ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಸ್ಲ್ಯಾಬಿನ ಕೆಳಗೆ ರಾತ್ರಿಯೂ ಕಾವು ಇಳಿಯುವುದಿಲ್ಲ. ವೈನ್ ಇಡಬೇಕಾದದ್ದು 12-14 ಡಿಗ್ರಿಯಲ್ಲಿ. ಮನೆಯಲ್ಲಿ ಅಷ್ಟು ತಂಪು ಸಾಧ್ಯವಿಲ್ಲ ಅಂದರೂ 25ರ ಒಳಗೆ ಇದ್ದರೆ ಕೆಲವು ತಿಂಗಳು ತಡೆಯುತ್ತದೆ. 30ರ ಮೇಲೆ ವಾರಗಟ್ಟಲೆ ಬಿಟ್ಟರೆ ಬಾಟಲಿಯ ಒಳಗೇ ಅದು ಬೇಯುತ್ತದೆ. ಬಿಸಿಗೆ ದ್ರವ ಹಿಗ್ಗಿ ಕಾರ್ಕನ್ನು ಮೇಲಕ್ಕೆ ದೂಡುತ್ತದೆ. ಸ್ವಲ್ಪ ವೈನ್ ಹೊರಗೆ ಜಿನುಗುತ್ತದೆ. ತಂಪಾದಾಗ ಕುಗ್ಗಿ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ದಿನಾ ಇದೇ ನಡೆಯುತ್ತದೆ. ನೆಟ್ಟಗೆ ನಿಲ್ಲಿಸಿದರೆ ಕಾರ್ಕ್ ಒಣಗಿ ಇನ್ನಷ್ಟು ಸಡಿಲ. ಹಣ್ಣಿನ ವಾಸನೆ ಹೋಗಿಬಿಡುತ್ತದೆ. ಉಳಿಯೋದು ಕುದಿಸಿದ ಒಣದ್ರಾಕ್ಷಿ ನೀರಿನಂಥ ರುಚಿ, ಹಿಂದೆ ಒಂದು ಹುಳಿ.

ಜೂನ್‌ನಲ್ಲಿ ಪೆಟ್ಟಿಗೆ ತೆಗೆದಾಗ ಕಾರ್ಕ್ ಒಂದು ಗೋಧಿ ಕಾಳಿನಷ್ಟು ಮೇಲೆ ಬಂದಿತ್ತು. ಬಾಟಲಿ ಕುತ್ತಿಗೆಗೆ ಅಂಟಂಟು ಕಲೆ. ಕಣ್ಣಾರೆ ನೋಡಿದೆ, ಒರೆಸಿ ಹಾಕಿದೆ. ಆಗ ಯಾರಾದರೂ "ಇದು ಕೆಟ್ಟಿದೆ" ಅಂದಿದ್ದರೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ.

ತೋಟದ ಶೆಡ್ಡಿನಲ್ಲಿ ಕೂತೆವು. ಕಾಕಾ, ಅವರ ಗೆಳೆಯ ಒಬ್ಬರು, ನಾನು. ಗೆಳೆಯ ಬರುವಾಗ ಬಿಜಾಪುರದ ಅಂಗಡಿಯಿಂದ 500 ರೂಪಾಯಿ ಚಿಲ್ಲರೆಯ ನಮ್ಮ ದೇಶದ್ದೇ ಒಂದು ಬಾಟಲಿ ತಂದಿದ್ದರು. ಅಂಗಡಿಯ ಫ್ರಿಜ್‌ನಿಂದ ತೆಗೆದದ್ದು, ಇನ್ನೂ ತಣ್ಣಗಿತ್ತು. ಎರಡೂ ಲೋಟಕ್ಕೆ ಹಾಕಿದೆವು. ಕಾಕಾ ನನ್ನದನ್ನು ಒಂದು ಗುಟುಕು ಕುಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಇದಕ್ಕ ಏಳು ಸಾವಿರ ಕೊಟ್ಟಿಯೇನೋ ತಮ್ಮಾ?" ಗೆಳೆಯನ ಬಾಟಲಿಯೇ ಚಲೋ ಇದೆ ಅಂದರು. ಅದು ನಿಜವೂ ಆಗಿತ್ತು.

ವೈನ್ ದ್ರಾಕ್ಷಿ ಇಟ್ಟುಕೊಳ್ಳೋದಾ ಬಿಡೋದಾ ಅಂತ ಕಾಕಾನ ಮನಸ್ಸು ಆಗಲೇ ಓಲಾಡುತ್ತಿತ್ತು. ಹಿಂದಿನ ವರ್ಷದ ರೊಕ್ಕ ವೈನರಿಯಿಂದ ತಡವಾಗಿ ಬಂದಿತ್ತು. ಆ ಗುಟುಕು ಎಲ್ಲವನ್ನೂ ತೀರ್ಮಾನ ಮಾಡಿತು. "ಜಗತ್ತಿನ ಚಲೋ ವೈನ್ ಇದ ಇದ್ದರ, ನಮ್ಮ ದ್ರಾಕ್ಷಿ ಮಣೂಕ ಆಗೂದ ಪಾಡು" ಅಂದರು. ಆ ಮಳೆಗಾಲದಲ್ಲೇ ಕ್ಯಾಬರ್ನೆ ಬಳ್ಳಿ ಕಡಿಸಿ ಥಾಮ್ಸನ್ ಕಸಿ ಕಟ್ಟಿಸಿದರು. ನಾಲ್ಕು ವರ್ಷ ಸಾಕಿದ ಬಳ್ಳಿ. ಒಂದು ಹಂಗಾಮು ಆ ಎಕರೆಯಿಂದ ಏನೂ ಬರಲಿಲ್ಲ.

ಆಮೇಲೆ ಐದು ವರ್ಷ ನಾನು ಒಂದೇ ಮಾತು ಹೇಳುತ್ತಿದ್ದೆ. ದುಬಾರಿ ವೈನ್ ಅಂದರೆ ಸುಮ್ನೆ ಹೆಸರಿನ ದುಡ್ಡು ಅನ್ನುತ್ತಿದ್ದೆ. ಅದಕ್ಕೆ ಆಧಾರವೂ ಸಿಕ್ಕಿತ್ತು. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದೇ ವೈನನ್ನು ಬೇರೆ ಬೇರೆ ಬೆಲೆ ಹೇಳಿ ಕುಡಿಸಿದರು. ಬೆಲೆ ಜಾಸ್ತಿ ಹೇಳಿದಾಗ ಜನರಿಗೆ ರುಚಿಯೂ ಜಾಸ್ತಿ ಅನಿಸಿತು, ಮಿದುಳಿನ ಸ್ಕ್ಯಾನಿನಲ್ಲೂ ಅದು ಕಂಡಿತು. ಅದೇ ವರ್ಷ ಇನ್ನೊಂದು ಅಧ್ಯಯನ ಬಂತು, 6,000ಕ್ಕೂ ಹೆಚ್ಚು ಸಲ ಬೆಲೆ, ಹೆಸರು ಮುಚ್ಚಿಟ್ಟು ಕುಡಿಸಿ ನೋಡಿದ್ದು. ತರಬೇತಿ ಇಲ್ಲದ ಸಾಮಾನ್ಯ ಜನ ದುಬಾರಿ ವೈನಿಗೆ ತುಸು ಕಡಿಮೆಯೇ ಅಂಕ ಕೊಟ್ಟಿದ್ದರು. ಇವೆಲ್ಲ ನಿಜ. ಆದರೆ ನಾನು ಇವನ್ನು ಹೇಳುತ್ತಿದ್ದದ್ದು ನನ್ನ ಬಾಟಲಿ ಯಾಕೆ ಕೆಟ್ಟ ರುಚಿ ಇತ್ತು ಅನ್ನುವುದಕ್ಕೆ ಉತ್ತರ ಅಂತ. ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

2019ರಲ್ಲಿ ನಾಸಿಕ್‌ನ ಒಂದು ವೈನರಿಗೆ ಹೋಗಿದ್ದೆ. ಅಲ್ಲಿನ ಹುಡುಗಿಯೊಬ್ಬಳು ರುಚಿ ತೋರಿಸುವಾಗ ಒಂದೇ ವೈನಿನ ಎರಡು ಲೋಟ ಮುಂದಿಟ್ಟಳು. ಒಂದು ನೆಲಮಾಳಿಗೆಯ ಬಾಟಲಿಯದ್ದು. ಇನ್ನೊಂದು ಬೇಸಿಗೆಯಲ್ಲಿ ಜೀಪಿನಲ್ಲಿ ಮರೆತುಹೋಗಿದ್ದ ಬಾಟಲಿಯದ್ದು. ಎರಡನೆಯದನ್ನು ಬಾಯಿಗೆ ಹಾಕಿದ ಕೂಡಲೇ ತೋಟದ ಶೆಡ್ಡು ಕಣ್ಣ ಮುಂದೆ ಬಂತು. ಅದೇ ಕುದಿಸಿದ ಒಣದ್ರಾಕ್ಷಿ, ಅದೇ ಹುಳಿ. ಲೋಟ ಕೆಳಗಿಟ್ಟು ಹೊರಗೆ ಹೋಗಿ ನಿಂತೆ. ಕಾಕಾ ಫ್ರಾನ್ಸಿನ ವೈನ್ ಕುಡಿದೇ ಇರಲಿಲ್ಲ. ನಮ್ಮ ಮಾಳಿಗೆಯ ಬಿಸಿಲು ಕುಡಿದಿದ್ದರು. ಅದನ್ನು ನಂಬಿ ಬಳ್ಳಿ ಕಡಿಸಿದರು.

ಕಾಕಾಗೆ ಹೇಳಲು ನನಗೆ ಇನ್ನೂ ಎರಡು ವರ್ಷ ಬೇಕಾಯಿತು. ಒಂದು ಜನವರಿಯಲ್ಲಿ ಸರಿಯಾಗಿ ಇಟ್ಟಿದ್ದ ಕ್ಯಾಬರ್ನೆ ಒಂದನ್ನು ಒಯ್ದು ಹಾಕಿಕೊಟ್ಟೆ, ಎಲ್ಲಾ ಹೇಳಿದೆ. ಬೈಯಲಿಲ್ಲ. ಎರಡನೇ ಸಲ ತಾವೇ ಹಾಕಿಕೊಂಡರು. "ಬಳ್ಳೀದು ತಪ್ಪ ಇರಲಿಲ್ಲ ಹಂಗಾರ" ಅಂದರು.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನುತ್ತೇನೆ, ಬೇಜಾರು ಮಾಡ್ಕೋಬೇಡಿ. ಅಗ್ಗದ್ದಾ ದುಬಾರಿಯದ್ದಾ ಅನ್ನುವ ಲೆಕ್ಕ ಬಾಟಲಿ ಚೆನ್ನಾಗಿ ಉಳಿದರೆ ಮಾತ್ರ. ಮೇಯಿಂದ ದೀಪಾವಳಿವರೆಗೆ ಕಪಾಟಿನ ಮೇಲೆ ಇಟ್ಟರೆ 40 ಪೌಂಡಿನದ್ದೂ 6 ಪೌಂಡಿನದ್ದೂ ಒಂದೇ. ನಿಮ್ಮ ಬೆಳಗಾವಿ ನಮ್ಮಷ್ಟು ಸುಡುವ ಊರಲ್ಲ, ಒಪ್ಪುತ್ತೇನೆ. ಆದರೂ ಮೇ ತಿಂಗಳ ಮಧ್ಯಾಹ್ನ ಕಪಾಟಿನ ಮೇಲೆ 25ರ ಒಳಗೆ ಇರಲ್ಲ, ಅಲ್ವಾ?

ಇನ್ನು ಬೆಲೆ. ಲಂಡನ್‌ನ 6 ಪೌಂಡಿನ ಬಾಟಲಿಯಲ್ಲಿ ಅಬಕಾರಿ ಸುಂಕ ಮತ್ತು 20% ವ್ಯಾಟ್ ಅನ್ನುವ ಮಾರಾಟ ತೆರಿಗೆಗೇ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ. ಸುಂಕ ಹಾಕೋದು ಮದ್ಯದ ಅಂಶ ನೋಡಿ, ಬೆಲೆ ನೋಡಿ ಅಲ್ಲ. ಹಾಗಾಗಿ 12 ಪೌಂಡಿನದ್ದು ತಗೊಂಡರೆ ತೆರಿಗೆ ಕಳೆದು ಉಳಿಯುವ ದುಡ್ಡು ಎರಡು ಪಟ್ಟಲ್ಲ, ಸುಮಾರು ಮೂರು ಪಟ್ಟು. ಒಳ್ಳೆಯ ದ್ರಾಕ್ಷಿಗೆ ದುಡ್ಡು ಸಿಗೋದು ಅಲ್ಲಿ. ಬೆಳೆಗಾರರ ಮನೆಯವನಾಗಿ ನನಗೆ ಅದು ಮುಖ್ಯ. ಅದಕ್ಕಿಂತ ಮೇಲೆ ಹೋದರೆ ಓಕ್ ಪೀಪಾಯಿ, ವರ್ಷಗಟ್ಟಲೆ ಇಟ್ಟು ಕಾಯುವ ಖರ್ಚು, ಆಮೇಲೆ ವೈನ್ ಬಂದ ಊರಿನ ಹೆಸರು, ಇವಕ್ಕೆ ದುಡ್ಡು ಹೋಗುತ್ತದೆ. ನಿಮ್ಮ ಮನೆಯಲ್ಲಿ ಮೊದಲ ಸಲ ಕುಡಿಯುವವರಿಗೆ 40 ಪೌಂಡ್ ಬೇಕಾಗಿಲ್ಲ. 6 ಪೌಂಡಿನದ್ದು ತೀರಾ ಕೆಟ್ಟದ್ದಲ್ಲ, ಆದರೆ ಅದನ್ನು ಮಾಡಿರುವುದೇ ಬೇಗ ಕುಡಿದು ಮುಗಿಸಲಿ ಅಂತ. ಇಟ್ಟರೆ ಏನೂ ಹೆಚ್ಚಾಗಲ್ಲ.

ತಮ್ಮನಿಗೆ 12-15 ಪೌಂಡಿನ ಎರಡು ಬಾಟಲಿ ತರಲು ಹೇಳಿ. ಒಬ್ಬರಿಗೆ ಎರಡು ಲೀಟರ್‌ವರೆಗೆ ಸುಂಕ ಇಲ್ಲದೆ ತರಬಹುದು. ಬಟ್ಟೆಯಲ್ಲಿ ಸುತ್ತಿ ದೊಡ್ಡ ಬ್ಯಾಗಿನಲ್ಲಿ ಹಾಕಲಿ. ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ಕಾರಿನ ಡಿಕ್ಕಿಯಲ್ಲಿ ಇಡಬೇಡಿ, ಒಳಗೆ ಏಸಿಯಲ್ಲಿ ಇಟ್ಟುಕೊಳ್ಳಿ. ನನ್ನ ಮನಸ್ಸಿನ ಮಾತು ಕೇಳಿದರೆ ಒಂದನ್ನು ತಮ್ಮ ಇರುವಾಗಲೇ ತೆಗೆಯಿರಿ. ದೀಪಾವಳಿಗೆ ಉಳಿಸುವ ಇನ್ನೊಂದನ್ನು ಫ್ರಿಜ್‌ನ ಕೆಳಗಿನ ತರಕಾರಿ ಖಾನೆಯಲ್ಲಿ ಅಡ್ಡ ಮಲಗಿಸಿ. ಫ್ರಿಜ್ 12-14 ಡಿಗ್ರಿಗಿಂತ ತಣ್ಣಗಿರುತ್ತದೆ, ಐದಾರು ತಿಂಗಳಿಗೆ ಅದರಿಂದ ತೊಂದರೆ ಇಲ್ಲ. ತರಕಾರಿ ಜೊತೆ ಇಡೋದು ಬೇಡ ಅಂತ ಅಮ್ಮ ಅಂದರೆ ಹಳೇ ಟವೆಲ್‌ನಲ್ಲಿ ಸುತ್ತಿ ಇಡಿ, ನಮ್ಮ ಮನೆಯಲ್ಲೂ ಹಾಗೇ ಮಾಡ್ತೇವೆ. ಕೆಂಪು ವೈನ್ ಆದರೆ ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದರೆ ಸಾಕು.

ಬಾಟಲಿ ಸುಮಾರು 30 ಸೆಂಟಿಮೀಟರ್ ಉದ್ದ ಇರುತ್ತದೆ. ತಮ್ಮ ಹೊರಡುವ ಮೊದಲೇ ಆ ಖಾನೆ ಅಳೆದು ನೋಡಿ.