ತಲೆಗೆ ಪೆಟ್ಟಾದ ಮೇಲೆ ನಮ್ಮ ಯಜಮಾನರಿಗೆ ಮೂತ್ರ ತಡೆಯಲು ಆಗುತ್ತಿಲ್ಲ. ಅವರು ಬೇಕಂತಲೇ ಹೀಗೆ ಮಾಡುತ್ತಾರಾ?

ಇಲ್ಲ, ಬೇಕಂತ ಮಾಡುತ್ತಿಲ್ಲ. ಐದು ನಿಮಿಷದ ಹಿಂದೆ ಕೇಳಿದಾಗ "ಬಂದಿಲ್ಲ" ಅಂದವರು ಆಮೇಲೆ ಬಟ್ಟೆಯಲ್ಲೇ ಮಾಡಿಕೊಂಡರು ಅಂತ ಬರೆದಿದ್ದೀರಿ. ನಿಮ್ಮ ಯಜಮಾನರು ಸುಳ್ಳು ಹೇಳಿಲ್ಲ. ಕೇಳಿದ ಹೊತ್ತಿನಲ್ಲಿ ಅವರಿಗೆ ನಿಜವಾಗಿಯೂ ಬಂದಿರಲಿಲ್ಲ. ನನಗೂ ತಲೆಗೆ ಪೆಟ್ಟಾಗಿತ್ತು, ಇದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ.

ಮೂತ್ರಕೋಶ ದೊಡ್ಡವರಲ್ಲಿ ಸಾಮಾನ್ಯವಾಗಿ 400ರಿಂದ 500 ಮಿ.ಲೀ. ಹಿಡಿಯುತ್ತದೆ. 150–200 ಮಿ.ಲೀ. ತುಂಬಿದಾಗ ಮೊದಲ ಸೂಚನೆ ಸಿಗುತ್ತದೆ. ಆಮೇಲೂ ನಾವು ಆರಾಮಾಗಿ ಕೆಲಸ ಮಾಡಿಕೊಂಡಿರುತ್ತೇವೆ, ಯಾಕಂದರೆ "ಈಗ ಬೇಡ, ತಡಿ" ಅಂತ ಮಿದುಳಿನ ಮುಂಭಾಗ ಹಿಡಿದಿಟ್ಟಿರುತ್ತದೆ. ಖಾಲಿ ಮಾಡಿಸುವ ಕೇಂದ್ರ ಇರುವುದು ಕೆಳಗೆ, ಮಿದುಳಿನ ಕಾಂಡದಲ್ಲಿ. ಮುಂಭಾಗಕ್ಕೆ ಪೆಟ್ಟಾದರೆ ಬ್ರೇಕ್ ಸಡಿಲವಾದ ಹಾಗೆ. ಸ್ವಲ್ಪ ತುಂಬಿದರೂ ಮೂತ್ರಕೋಶ ತಾನಾಗಿ ಹಿಂಡಿಕೊಳ್ಳುತ್ತದೆ.

ಒಳಗಿಂದ ಅದು ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಮೊದಲೆಲ್ಲ ನಿಧಾನವಾಗಿ ಗೊತ್ತಾಗುತ್ತಿತ್ತಲ್ಲ, ಆ ಮುನ್ಸೂಚನೆಯೇ ಇರುವುದಿಲ್ಲ. ಏನೂ ಇಲ್ಲದಿದ್ದವನಿಗೆ ಒಮ್ಮೆಲೇ ತಡೆಯಲಾಗದ ಒತ್ತಡ. ಎದ್ದು ನಿಲ್ಲಬೇಕು, ಬ್ಯಾಲೆನ್ಸ್ ಹಿಡಿಯಬೇಕು, ಬಚ್ಚಲಿನ ಚಿಲಕ ತೆಗೆಯಬೇಕು, ಪೈಜಾಮದ ಲಾಡಿ ಬಿಚ್ಚಬೇಕು. ಸ್ವಾಧೀನ ಕಡಿಮೆಯಾದ ಬೆರಳಿಗೆ ಆ ಲಾಡಿಯ ಗಂಟೇ ದೊಡ್ಡ ಕೆಲಸ. ಎಲಾಸ್ಟಿಕ್ ಪ್ಯಾಂಟ್ ಹಾಕಿಕೊಂಡ ಮೇಲೆ ನನ್ನ ಎಷ್ಟೋ ಅವಾಂತರಗಳು ತಪ್ಪಿದವು. ಇದನ್ನು ನೀವು ಇವತ್ತೇ ಮಾಡಬಹುದು. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಒಂದು ದೀಪ ಹಾಕಿಡಿ, ಮಂಚದ ಪಕ್ಕ ಯೂರಿನ್ ಬಾಟಲ್ ಇಡಿ. ಕೆಲವರಿಗೆ ಇದರ ಜೊತೆ ಮಾತು ತಕ್ಷಣ ಹೊರಡುವುದಿಲ್ಲ, ಇನ್ನು ಕೆಲವರಿಗೆ ಒದ್ದೆಯಾದದ್ದೂ ಅರಿವಿಗೆ ಬರುವುದಿಲ್ಲ. ನೋಡುವವರಿಗೆ ಅದು ಉದಾಸೀನದ ಹಾಗೆ ಕಾಣುತ್ತದೆ. ಅದು ಉದಾಸೀನ ಅಲ್ಲ, ಪೆಟ್ಟಿನ ಭಾಗವೇ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಮೂರು ದಿನ ಒಂದು ಲೆಕ್ಕ ಬರೆದಿಡಿ. ಎಷ್ಟು ಗಂಟೆಗೆ ಹೋದರು, ಅಳತೆಯ ಮಗ್‌ನಲ್ಲಿ ಹಿಡಿದರೆ ಎಷ್ಟು ಮಿ.ಲೀ., ಏನು ಎಷ್ಟು ಕುಡಿದರು, ಯಾವಾಗ ಒದ್ದೆಯಾಯಿತು, ಇಷ್ಟು ಸಾಕು. "ತುಂಬಾ ಸಲ ಹೋಗ್ತಾರೆ" ಅನ್ನುವುದಕ್ಕಿಂತ ಈ ಹಾಳೆ ಹತ್ತು ಪಟ್ಟು ಉಪಯೋಗಕ್ಕೆ ಬರುತ್ತದೆ. ಯೂರಿನ್ ಪರೀಕ್ಷೆ ಮಾಡಿಸಿ, ಸೋಂಕಿದ್ದರೆ ಎಲ್ಲವೂ ಇನ್ನೂ ಕೆಡುತ್ತದೆ. ಮೂತ್ರ ಮಾಡಿದ ಕೂಡಲೇ ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನ್‌ನಲ್ಲಿ ನೋಡಲು ಕೇಳಿ. ಇದನ್ನು ದಯವಿಟ್ಟು ಬಿಡಬೇಡಿ. ಪೂರ್ತಿ ಖಾಲಿಯಾಗದೆ ತುಂಬಿ ಸೋರುವುದೂ ಹೊರಗಿನಿಂದ ಹೀಗೆಯೇ ಕಾಣುತ್ತದೆ, ಅದಕ್ಕೆ ಚಿಕಿತ್ಸೆ ಬೇರೆ. ಪೆಟ್ಟಾದ ಶುರುವಿನಲ್ಲಿ ಕೆಲವರಿಗೆ ಮೂತ್ರ ಕಟ್ಟಿಕೊಂಡು ಪೈಪ್ ಹಾಕಿರುತ್ತಾರೆ. ಅದರಿಂದ ಮೂತ್ರನಾಳ ಕಿರಿದಾಗಿರಬಹುದು. ವಯಸ್ಸಾದ ಗಂಡಸರಾದರೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವುದೂ ಕಾರಣ ಇರಬಹುದು. ಮಲಬದ್ಧತೆಯೂ ಮೂತ್ರಕೋಶವನ್ನು ಒತ್ತುತ್ತದೆ, ಅದನ್ನು ಸರಿ ಮಾಡಿದರೆ ಅರ್ಧ ತೊಂದರೆ ಕಡಿಮೆಯಾದವರೂ ಇದ್ದಾರೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಸಹಾಯ ಮಾಡಿದ್ದು ಗಡಿಯಾರ. ಬಂದಾಗ ಹೋಗುವುದಲ್ಲ, ಹೊತ್ತಾದಾಗ ಹೋಗುವುದು. ಮೊದಲಿಗೆ ಎರಡು ಗಂಟೆಗೊಮ್ಮೆ, ಬಂದಿರಲಿ ಬಿಡಲಿ. ನಿಮ್ಮ ಹಾಳೆಯಲ್ಲಿ ಒಂದೂವರೆ ಗಂಟೆಗೇ ಒದ್ದೆಯಾಗುತ್ತಿದೆ ಅಂತ ಕಂಡರೆ ಅದಕ್ಕಿಂತ ಮುಂಚೆ. "ಬಂದಿದೆಯಾ?" ಅಂತ ಕೇಳಬೇಡಿ, "ಇಲ್ಲ" ಅನ್ನುವ ಉತ್ತರವೇ ಬರುತ್ತದೆ. "ಟೈಮಾಯ್ತು, ಬನ್ನಿ ಹೋಗೋಣ" ಅನ್ನಿ. ಮೊಬೈಲ್‌ನಲ್ಲಿ ಅಲಾರಂ ಇಟ್ಟರೆ ಇನ್ನೂ ಒಳ್ಳೆಯದು, ಹೇಳಿದ್ದು ಹೆಂಡತಿ ಅನ್ನುವ ಮುಜುಗರ ಇರುವುದಿಲ್ಲ. ಒಂದಷ್ಟು ದಿನ ಒಣಗಿದ್ದರೆ ಅಂತರವನ್ನು ಕಾಲು ಗಂಟೆಯಷ್ಟು ಹೆಚ್ಚಿಸಿ.

ನೀರು ಕಡಿಮೆ ಮಾಡಬೇಡಿ. ಇದನ್ನು ಎಲ್ಲರೂ ಮಾಡುತ್ತಾರೆ, ಆದರೆ ಗಾಢವಾದ ಮೂತ್ರ ಮೂತ್ರಕೋಶವನ್ನು ಇನ್ನೂ ಕೆರಳಿಸುತ್ತದೆ, ಸೋಂಕು, ಮಲಬದ್ಧತೆ ಎರಡಕ್ಕೂ ದಾರಿಯಾಗುತ್ತದೆ. ಹಗಲು ಚೆನ್ನಾಗಿ ಕೊಡಿ, ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡಿ. ಸಂಜೆಯ ಕಾಫಿ, ಟೀ ಬಿಡಿಸಿ.

ಮಾತ್ರೆಯ ವಿಷಯ ಸ್ವಲ್ಪ ಎಚ್ಚರ ಬೇಕು. ಮೂತ್ರಕೋಶದ ಹಿಂಡಿಕೆ ತಗ್ಗಿಸಲು ಹೆಚ್ಚಾಗಿ ಕೊಡುವ ಆಕ್ಸಿಬ್ಯುಟಿನಿನ್‌ನಂಥವು ಮಿದುಳಿಗೂ ಹೋಗುತ್ತವೆ. ಮೊದಲೇ ಮರೆವು ಇರುವವರಿಗೆ ಮಂಕು, ಗೊಂದಲ ಜಾಸ್ತಿಯಾಗಬಹುದು. ಬಾಯಿ ಒಣಗುವುದು, ಮಲಬದ್ಧತೆ ಬೇರೆ. ಮಿರಾಬೆಗ್ರಾನ್ ಅನ್ನುವ ಮಾತ್ರೆ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ, ಈ ಮಂಕು ತರುವ ಗುಂಪಿನದ್ದಲ್ಲ, ಆದರೆ ಬಿಪಿ ನೋಡಿಕೊಳ್ಳಬೇಕು. "ಇವರಿಗೆ ತಲೆಗೆ ಪೆಟ್ಟಾಗಿದೆ, ನೆನಪಿಗೆ ತೊಂದರೆ ಕೊಡದ ಮಾತ್ರೆ ಇದೆಯಾ?" ಅಂತ ನೇರವಾಗಿ ಕೇಳಿ. ಮಾತ್ರೆಯಿಂದ ಆಗದವರಿಗೆ ಮೂತ್ರಕೋಶದೊಳಗೆ ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಮದ್ದು ಚುಚ್ಚುವ ದಾರಿಯೂ ಇದೆ.

ಎರಡು ಸಂದರ್ಭಗಳಲ್ಲಿ ಮಾತ್ರ ಕಾಯಬೇಡಿ. ವಿಪರೀತ ಬಾಯಾರಿಕೆ, ದಿನಕ್ಕೆ 3 ಲೀಟರಿಗೂ ಹೆಚ್ಚು, ನೀರಿನ ಹಾಗೆ ತಿಳಿಯಾದ ಮೂತ್ರ ಇದ್ದರೆ ತೊಂದರೆ ಮೂತ್ರಕೋಶದ್ದಲ್ಲದೆ ಇರಬಹುದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಬಿಡುಗಡೆ ಮಾಡುವ, ದೇಹದಲ್ಲಿ ನೀರು ಉಳಿಸುವ ವ್ಯಾಸೊಪ್ರೆಸಿನ್ ಹಾರ್ಮೋನು ಪೆಟ್ಟಿನಿಂದ ಕಡಿಮೆಯಾದರೆ ಹೀಗಾಗುತ್ತದೆ. ಅಂಥವರಿಗೆ ನೀರು ಕುಡಿಯಲು ಬಿಡದಿರುವುದು ಅಪಾಯ. ಇನ್ನೊಂದು, ಚೇತರಿಸಿಕೊಳ್ಳುತ್ತಿದ್ದವರು ಹಿಂದಕ್ಕೆ ಹೋಗುವುದು. ಕಾಲು ನೆಲಕ್ಕೆ ಅಂಟಿದ ಹಾಗೆ ಎಳೆದುಕೊಂಡು ನಡೆಯುವುದು, ಮಂಕು ಹೆಚ್ಚುವುದು, ಅದರ ಜೊತೆಗೇ ಮೂತ್ರ ಹೋಗುವುದು. ಮಿದುಳಿನೊಳಗೆ ನೀರು ತುಂಬಿಕೊಂಡರೆ ಈ ಮೂರೂ ಒಟ್ಟಿಗೆ ಬರಬಹುದು. ತಲೆಯ ಸ್ಕ್ಯಾನ್‌ನಲ್ಲಿ ನೋಡಬಹುದು, ಆ ನೀರನ್ನು ಹರಿಸಿಬಿಡುವ ಸಣ್ಣ ಕೊಳವೆ, ಅಂದರೆ ಶಂಟ್ ಹಾಕಿದರೆ ಎಷ್ಟೋ ಜನ ಸುಧಾರಿಸುತ್ತಾರೆ. ನಿಮ್ಮ ಯಜಮಾನರ ನಡಿಗೆ ಹೋದ ತಿಂಗಳಿಗಿಂತ ಈಗ ಹೇಗಿದೆ ಅಂತ ನೆನಪು ಮಾಡಿಕೊಳ್ಳಿ. ಕೆಟ್ಟಿದೆ ಅನಿಸಿದರೆ ಮೂರು ದಿನದ ಹಾಳೆಗೂ ಕಾಯದೆ ನರರೋಗದ ಡಾಕ್ಟರಿಗೆ ತೋರಿಸಿ.