ಬೀಗದ ಕೈ ಯಾರ ಹತ್ತಿರ ಇದೆ?

ಪ್ರಶ್ನೆ: ಎಲ್ಲೋ ಹೊರದೇಶದಲ್ಲಿ ಯುದ್ಧ ಆದರೆ ಇನ್ನೊಂದು ದೇಶದ ಜನರ ಅಭಿಪ್ರಾಯ ನಿಜವಾಗಲೂ ಬದಲಾಗುತ್ತದಾ? ಎರಡು ದಿನ ಟಿ.ವಿ. ನೋಡಿ ಮರೆತುಬಿಡುತ್ತಾರೆ, ಅಲ್ವಾ?
– ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ಜಾಸ್ತಿ ಸಲ ಮರೆಯುತ್ತಾರೆ. ಮರೆಯದೇ ಇದ್ದದ್ದನ್ನು ಒಂದು ಸಲ ನಾನೇ ನೋಡಿದ್ದೇನೆ.

2022ರ ಚಳಿಗಾಲದಲ್ಲಿ ಫಿನ್ಲೆಂಡಿನ ಎಸ್ಪೋದಲ್ಲಿ ಮಗಳ ಮನೆಯಲ್ಲಿದ್ದೆ. ಅವಳ ಅಪಾರ್ಟ್‌ಮೆಂಟಿನ ಕೆಳಗೊಂದು ನೆಲಮಾಳಿಗೆ, ಅದಕ್ಕೆ ಗೇಣುದ್ದ ದಪ್ಪದ ಬಾಗಿಲು. ಒಳಗೆ ಸೈಕಲ್ಲು, ಸ್ಕೀ, ಮಕ್ಕಳ ತಳ್ಳುಗಾಡಿ. ನಮ್ಮ ಅಟ್ಟದ ಥರ ಸಾಮಾನು ತುಂಬೋ ಜಾಗ ಅಂದುಕೊಂಡಿದ್ದೆ. ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನಿಗೆ ನುಗ್ಗಿತು. ಮಾರನೇ ದಿನ ಪಕ್ಕದ ಮನೆಯ ಅಜ್ಜಿ ಬಂದು ಮಗಳನ್ನು ಕೇಳಿದರು: “ಕೆಳಗಿನ ಬೀಗದ ಕೈ ಯಾರ ಹತ್ತಿರ ಇದೆ?” ಬಾಂಬ್ ಬಿದ್ದರೆ ಅಡಗುವ ಜಾಗವಂತೆ ಅದು! ದೊಡ್ಡ ಕಟ್ಟಡಗಳಿಗೆ ಅಲ್ಲಿ ಅದು ಕಡ್ಡಾಯ. ಅಣು ವಿಕಿರಣದ ಭಯಕ್ಕೆ ಔಷಧಿ ಅಂಗಡಿಯಲ್ಲಿ ಅಯೋಡಿನ್ ಮಾತ್ರೆಗೆ ನೂಕುನುಗ್ಗಲು.

ಫಿನ್ಲೆಂಡಿನವರು ಅಮೆರಿಕ, ಯುರೋಪ್ ದೇಶಗಳ ಸೇನಾ ಕೂಟವಾದ ನ್ಯಾಟೋದ ಗೊಡವೆಯೇ ಬೇಡ ಅಂತ ದಶಕಗಟ್ಟಲೆ ಹೊರಗಿದ್ದವರು. ಅಲ್ಲಿನ ಪ್ರಸಾರ ಸಂಸ್ಥೆ ಯೂಲೆ 2017ರಲ್ಲಿ ಕೇಳಿದಾಗ ಸೇರೋಣ ಅಂದವರು ನೂರಕ್ಕೆ 19 ಜನ. ಯುದ್ಧ ಶುರುವಾದ ವಾರದೊಳಗೆ 53. ಮೇ ತಿಂಗಳಿಗೆ 76. ಸಂಸತ್ತಿನಲ್ಲಿ 188 ಮತ ಪರ, ಬರೀ 8 ವಿರುದ್ಧ. 2023ರ ಏಪ್ರಿಲ್ 4ಕ್ಕೆ ಸೇರಿಯೇಬಿಟ್ಟರು. ಮುಖಂಡರು ಜನರನ್ನು ಎಳೆದುಕೊಂಡು ಹೋಗಿದ್ದಲ್ಲ, ಜನರೇ ಮುಂದಿದ್ದರು.

ಟಿ.ವಿ. ಒಂದರಿಂದಲೇ ಇಷ್ಟಾಗಿದ್ದರೆ ನಾನೂ ನಂಬುತ್ತಿರಲಿಲ್ಲ. ರಷ್ಯಾ ಜೊತೆ ಅವರಿಗೆ 1,300 ಕಿಲೋಮೀಟರಿಗೂ ಮೀರಿದ ಗಡಿ ಇದೆ. 1939ರ ನವೆಂಬರಿನಲ್ಲಿ ಸೋವಿಯತ್ ಸೇನೆ ಹೀಗೇ ನುಗ್ಗಿತ್ತು. 105 ದಿನ ಕಾದಾಡಿ, ಕೊನೆಗೆ ಗಡಿಯ ಕರೇಲಿಯಾ ಪ್ರದೇಶವನ್ನು ಬಿಟ್ಟುಕೊಟ್ಟರು. ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಟ್ಟರು. ಅಜ್ಜಿಯ ಅಮ್ಮ ಅವರಲ್ಲೊಬ್ಬರು. 1941ರಲ್ಲಿ ಫಿನ್ಲೆಂಡಿನವರು ಆ ಜಾಗ ಮರಳಿ ಹಿಡಿದ ನಂತರ ವಾಪಸು ಹೋಗಿ ಒಲೆ ಹಚ್ಚಿದ್ದರಂತೆ, 1944ರಲ್ಲಿ ಅದು ಮತ್ತೆ ಕೈತಪ್ಪಿದಾಗ ಹಸು ಹೊಡೆದುಕೊಂಡು ಮತ್ತೆ ಹೊರಟರಂತೆ. ಇದನ್ನೆಲ್ಲ ಅಜ್ಜಿ ಕಾಫಿ ಬಗ್ಗಿಸುತ್ತಾ ಹೇಳಿದರು, ನಿನ್ನೆ ಮೊನ್ನೆ ಆದದ್ದರ ಹಾಗೆ. (ಕಾಫಿ ಮಾತ್ರ ನೀರು ನೀರು. ನಮ್ಮ ಡಿಕಾಕ್ಷನ್ ಮುಂದೆ ಏನೂ ಅಲ್ಲ.)

ಆಸ್ಟ್ರಿಯಾದವರೂ ಅದೇ ಸುದ್ದಿ, ಅದೇ ಚಿತ್ರ ನೋಡಿದರು. ಅವರಲ್ಲಿ ಬಹುಪಾಲು ಜನ ಈಗಲೂ ತಟಸ್ಥವಾಗಿಯೇ ಇರೋಣ ಅನ್ನುತ್ತಾರೆ. ಎರಡನೇ ಮಹಾಯುದ್ಧದ ಕೊನೆಗೆ ಬಂದು ಕೂತಿದ್ದ ಸೋವಿಯತ್ ಸೈನಿಕರು 1955ರಲ್ಲಿ ಅಲ್ಲಿಂದ ಕಾಲು ತೆಗೆದದ್ದೇ, ಯಾರ ಕೂಟಕ್ಕೂ ಸೇರುವುದಿಲ್ಲ ಅಂತ ಇವರು ಒಪ್ಪಿಕೊಂಡ ಮೇಲೆ. ಅವರ ಮನೆಗಳಲ್ಲಿ ಅಜ್ಜಿಯರು ಹೇಳುವ ಕತೆ ಅದು.