ಹೂ ಬಲಕ್ಕೆ ಬಿದ್ದರೂ ರುಜು ನಮ್ಮದೇ

ದೇವರ ಮುಂದೆ ಹೂ ಕೇಳಿ ತೀರ್ಮಾನ ಮಾಡಿ, ಆಮೇಲೆ ಆ ತೀರ್ಮಾನದ ಭಾರ ಹೊರಲಾರದೆ ಆಪ್ತಸಲಹೆಗೆ ಬರುವವರು ಮಂಡ್ಯದ ಕಡೆಯಿಂದ ಆಗಾಗ ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬರ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ನಲವತ್ತರ ಆಸುಪಾಸಿನ ಗೃಹಸ್ಥರು. ಊರು ಪಾಂಡವಪುರದ ಕಡೆ, ಕೆಲಸ ಮೈಸೂರಿನಲ್ಲಿ. ಒಂದು ರಾತ್ರಿ ಅವರ ತಂದೆಗೆ ಎದೆನೋವು ಬಂದು ಮೈಯೆಲ್ಲ ಬೆವೆತಾಗ, ಗ್ಯಾಸ್ಟ್ರಿಕ್ ಇರಬೇಕೆಂಬ ಮಾತಿಗೂ ಆಸ್ಪತ್ರೆಯ ಮಾತಿಗೂ ನಡುವೆ ಸಿಕ್ಕಿಕೊಂಡ ಅಣ್ಣತಮ್ಮಂದಿರು ಮನೆದೇವರಲ್ಲಿ ಹೂ ಕೇಳಿದರು. ಹೂ ಬಲಕ್ಕೆ ಬಿತ್ತು, ಬೆಳಗಾಗಲೆಂದು ಕಾದರು, ಕೋಳಿ ಕೂಗುವ ಹೊತ್ತಿಗೆ ತಂದೆ ತೀರಿಕೊಂಡಿದ್ದರು. ‘ಅವನಿಲ್ಲದೆ ಹುಲ್ಲುಕಡ್ಡಿಯೂ ಅಲುಗದು, ಕರೆದುಕೊಂಡ’ ಎಂದು ಅಣ್ಣ ಸಮಾಧಾನ ತಂದುಕೊಂಡರು. ತಮ್ಮನ ನಿದ್ದೆ ಅಂದೇ ಹೋಯಿತು.

ಅವರು ನನ್ನ ಬಳಿ ಬಂದದ್ದು ತಾಯಿಯ ಕಾರಣಕ್ಕೆ. ಸಕ್ಕರೆ ಕಾಯಿಲೆಯಿಂದ ಕೊಳೆತ ಕಾಲ್ಬೆರಳನ್ನು ತೆಗೆಯಬೇಕೆಂದು ವೈದ್ಯರು ಹೇಳಿದ್ದರು. ಮನೆಯವರು ರುಜು ಹಾಕಬೇಕಾದ ಒಪ್ಪಿಗೆ ಪತ್ರ ಅವರ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಕೂತು, ಮಡಿಕೆಯ ಗೆರೆಗಳು ಬೆವರಿಗೆ ಸವೆದಿದ್ದವು. ಹೂ ಕೇಳಿದರೆ ಮತ್ತೆ ಅದೇ ಆದೀತೆಂಬ ಭಯ, ಕೇಳದಿದ್ದರೆ ದೇವರನ್ನು ಮೀರಿದಂತಾದೀತೆಂಬ ಭಯ. ‘ಎಲ್ಲಾ ಆತನದೇ ಆಟ ಆದ್ರೆ ನಾನ್ಯಾಕೆ ಹಿಂಗೆ ಬೇಯ್ತಾ ಇದೀನಿ ಮೇಡಂ? ನನ್ನ ಕೈಲೂ ಇತ್ತು ಅನ್ನೋದಾದ್ರೆ ಆತ ಸರ್ವಶಕ್ತ ಹೆಂಗಾದ?’ ಎಂದು ಕೇಳಿದರು.

ಇಂಥ ಪ್ರಶ್ನೆಗೆ ಆಪ್ತಸಲಹೆಗಾರರು ಕೈಹಾಕಬಾರದು, ಅದು ಮಠದವರ ಕೆಲಸ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಂಕಟ ಭಕ್ತಿಯ ಒಳಗೇ ಹುಟ್ಟಿರುವಾಗ, ಭಕ್ತಿಯನ್ನು ಬಾಗಿಲ ಹೊರಗೆ ಬಿಟ್ಟು ಬಾ ಎನ್ನುವ ಸಲಹೆ ಆ ಮನುಷ್ಯನನ್ನು ಮುಟ್ಟುವುದೇ ಇಲ್ಲ. ಅವರದು ವೈರಮುಡಿಗೆ ತಪ್ಪದೆ ಮೇಲುಕೋಟೆಗೆ ಹೋಗುವ ಮನೆತನ. ಅದೇ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಇದೇ ಪ್ರಶ್ನೆಯನ್ನು ಎದುರಿಸಿದ್ದರೆಂಬುದು ಅವರಿಗೆ ಗೊತ್ತಿರಲಿಲ್ಲ.

ಅಣ್ಣನೊಂದಿಗೆ ಜಂಟಿ ಖಾತೆಯಲ್ಲಿದ್ದ ಗದ್ದೆಯಲ್ಲಿ ಒಂದಷ್ಟನ್ನು ಮಾರಿದ ಸಂಗತಿಯನ್ನು ಅವರು ಹಿಂದೊಮ್ಮೆ ಹೇಳಿದ್ದರು. ಅಣ್ಣನ ರುಜು ಇಲ್ಲದೆ ಮಾರಬಹುದಿತ್ತೇ ಎಂದು ಕೇಳಿದೆ. ‘ಆಗ್ತಿರಲಿಲ್ಲ.’ ಹಾಗಾದರೆ ಮಾರಿದವರು ಯಾರು? ‘ನಾನೇ. ಅಣ್ಣ ಬ್ಯಾಡ ಅಂದಿದ್ದ, ನನ್ನ ಹಟಕ್ಕೆ ರುಜು ಹಾಕ್ದ.’ ಬ್ರಹ್ಮಸೂತ್ರಗಳಿಗೆ ಬರೆದ ವ್ಯಾಖ್ಯಾನವಾದ ಶ್ರೀಭಾಷ್ಯದ ಎರಡನೆಯ ಅಧ್ಯಾಯದಲ್ಲಿ ರಾಮಾನುಜಾಚಾರ್ಯರು ಕೊಡುವ ಉದಾಹರಣೆಯೂ ಇದೇ ಎಂದು ತಿಳಿಸಿದೆ: ಇಬ್ಬರಿಗೆ ಸೇರಿದ ಸ್ವತ್ತನ್ನು ಒಬ್ಬನು ಪರರಿಗೆ ಕೊಡಬೇಕಾದರೆ ಇನ್ನೊಬ್ಬನ ಅನುಮತಿ ಬೇಕು, ಆದರೂ ಕೊಟ್ಟವನು ಅವನೇ, ಫಲವೂ ಅವನದೇ. ಅಂತರ್ಯಾಮಿಯಾದ, ಎಂದರೆ ಎಲ್ಲರ ಒಳಗೂ ಇದ್ದು ನಡೆಸುವ ಭಗವಂತನು ಜೀವನು ಮಾಡಿದ ಪ್ರಯತ್ನವನ್ನು ನೋಡಿ, ಅದಕ್ಕೆ ಅನುಮತಿ ಕೊಟ್ಟು ನಡೆಸುತ್ತಾನೆ. ಅವನ ಅನುಮತಿಯಿಲ್ಲದೆ ಏನೂ ಆಗದೆಂಬುದೂ ಉಳಿಯಿತು, ನಾವು ಮಾಡಿದ್ದು ನಮ್ಮದೆಂಬುದೂ ಉಳಿಯಿತು.

ಅವರು ತಟ್ಟನೆ, ‘ಹಂಗಾದ್ರೆ ಅವತ್ತು ಆತ ರುಜು ಹಾಕದೇ ಇರಬೌದಿತ್ತಲ್ವಾ ಮೇಡಂ?’ ಎಂದರು.

ಈ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ. ನಾನು ಕೊಟ್ಟ ಉತ್ತರ ಬ್ರಹ್ಮಸೂತ್ರ ರಚಿಸಿದ ಸೂತ್ರಕಾರರದ್ದೇ: ನಮ್ಮ ಪ್ರತಿ ತಪ್ಪು ಹೆಜ್ಜೆಯನ್ನೂ ಅವನೇ ತಡೆಯುವುದಾದರೆ ‘ಇದನ್ನು ಮಾಡು, ಇದನ್ನು ಮಾಡಬೇಡ’ ಎಂಬ ಶಾಸ್ತ್ರದ ಮಾತಿಗೆ ಅರ್ಥವೇ ಇರುವುದಿಲ್ಲ. ಗೀತೆಯ ಹದಿನೆಂಟನೆಯ ಅಧ್ಯಾಯದ 61ನೆಯ ಶ್ಲೋಕದಲ್ಲಿ, ಈಶ್ವರನು ಎಲ್ಲ ಜೀವಿಗಳನ್ನೂ ಯಂತ್ರಕ್ಕೆ ಏರಿಸಿದಂತೆ ತಿರುಗಿಸುತ್ತಾನೆ ಎಂದ ಕೃಷ್ಣನೇ 63ರಲ್ಲಿ, ಪೂರ್ತಿ ವಿಚಾರ ಮಾಡಿ ನಿನ್ನ ಇಷ್ಟದಂತೆ ಮಾಡು ಎಂದು ಅರ್ಜುನನಿಗೆ ಬಿಡುತ್ತಾನೆ. ತಂದೆಯನ್ನು ಕಳೆದುಕೊಂಡವರ ನೋವಿಗೆ ಇದು ಪೂರ್ಣ ಉತ್ತರವೆಂದು ನಾನು ಹೇಳಲಿಲ್ಲ. ಬದಲಿಗೆ, ಅಂದು ದೇವರಲ್ಲಿ ಕೇಳಿದ ಪ್ರಶ್ನೆ ಏನೆಂದು ವಿಚಾರಿಸಿದೆ.

ಅವರು ಬಹಳ ಹೊತ್ತು ಕಾಗದವನ್ನೇ ಸವರುತ್ತಿದ್ದರು. ‘ಆಸ್ಪತ್ರೆಗೆ ಹೋಗ್ಲಾ ಅಂತ ಕೇಳ್ಲಿಲ್ಲ ಮೇಡಂ. ಬೆಳಗಿನವರ್ಗೂ ಕಾಯ್ಬೌದಾ ಅಂತ ಕೇಳಿದ್ವಿ. ಗಾಡಿ ಇರ್ಲಿಲ್ಲ, ಕೈಯಲ್ಲಿ ಕಾಸಿರ್ಲಿಲ್ಲ. ನಮಗೆ ಕಾಯೋದೇ ಬೇಕಾಗಿತ್ತು.’ ಆಮೇಲೆ ಅತ್ತರು.

ಆ ಆಯ್ಕೆ ಅವರದೇ ಎಂಬುದನ್ನು ನಾನು ಅಲ್ಲಗಳೆಯಲಿಲ್ಲ. ‘ಎಲ್ಲ ಹಣೆಬರಹ’ ಎಂದು ಕಳಿಸಿದ್ದರೆ ಅಂದಿನ ಮಟ್ಟಿಗೆ ಹಗುರಾಗುತ್ತಿತ್ತೇನೋ, ಆದರೆ ತಾಯಿಯ ಪತ್ರ ಜೇಬಿನಲ್ಲೇ ಉಳಿಯುತ್ತಿತ್ತು. ಹೃದಯಾಘಾತವೆಂದು ತಿಳಿಯದೆ, ಕತ್ತಲಲ್ಲಿ, ಹೆದರಿ ಮಾಡಿದ ಆಯ್ಕೆಗೆ ಹೊಣೆ ಇದೆ, ಕೊಲೆಯ ಪಾಪ ಇಲ್ಲ. ಇವೆರಡನ್ನೂ ಬೇರೆ ಬೇರೆಯಾಗಿ ನೋಡಿ ಎಂದೆ. ಮನೆದೇವರಿಗೆ ನಡೆದುಕೊಳ್ಳುವುದನ್ನು ಬಿಡಬೇಡಿ, ಆದರೆ ವೈದ್ಯರು ಅವಸರವೆಂದ ವಿಷಯಕ್ಕೆ ಹೂ ಕೇಳಬೇಡಿ, ರುಜು ಹಾಕಿ ಹೋಗಿ ‘ಜೊತೆಗಿರು’ ಎಂದು ಬೇಡಿಕೊಳ್ಳಿ ಎಂದೆ. ಓದುವವರಿಗೂ ಇದನ್ನೇ ಒತ್ತಿ ಹೇಳುತ್ತೇನೆ: ಎದೆನೋವಿನ ಜೊತೆ ಬೆವರು ಕಂಡರೆ ಮೊದಲು 108ಕ್ಕೆ ಕರೆ ಮಾಡಿ. ರಕ್ತ ಸಿಗದ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಹರಕೆಯನ್ನು ಆಂಬುಲೆನ್ಸಿನಲ್ಲಿ ಕೂತೂ ಹೊರಬಹುದು.

ತಾಯಿಗೆ ಶಸ್ತ್ರಚಿಕಿತ್ಸೆ ಆಗಿದೆ, ಗಾಯ ಮಾಯುತ್ತಿದೆ. ಅವರ ನಿದ್ದೆ ಇನ್ನೂ ಸರಿಹೋಗದಿರುವುದರಿಂದ ಮನೋವೈದ್ಯರ ಬಳಿಗೂ ಕಳಿಸಿದ್ದೇನೆ. ಆ ರಾತ್ರಿಯ ಬಗ್ಗೆ ಅಣ್ಣನೊಂದಿಗೆ ಅವರು ಒಂದು ಮಾತನ್ನೂ ಆಡಿಲ್ಲ. ಮುಂದಿನ ಭೇಟಿಗೆ ಅಣ್ಣನನ್ನೂ ಕರೆತರಲು ಹೇಳಿದ್ದೇನೆ.